ರೈತನ ಕೈಗೆ ಯಾವ ಫೋನು? ಹಾರ್ಡ್‌ವೇರ್, ಗಟ್ಟಿತನ, ಸಿಸ್ಟಂ – ಮೂರನ್ನೂ ತೂಗಿ ನೋಡೋಣ

ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಸುತ್ತಮುತ್ತ ಮುಸುಕಿನ ಜೋಳ, ರಾಗಿ, ಕಡಲೆಕಾಯಿ, ಹಿಪ್ಪುನೇರಳೆ ಬೆಳೆಯುವ ಮನೆಗಳಲ್ಲಿ ಈಗ ಮೊಬೈಲ್ ಅನ್ನೋದು ಮಾತಾಡೋ ಯಂತ್ರ ಮಾತ್ರ ಅಲ್ಲ. ಬೆಳೆ ಸಮೀಕ್ಷೆ, ಪಿಎಂ ಕಿಸಾನ್ ಇ-ಕೆವೈಸಿ, ಪಹಣಿ, ಹಣ ಪಾವತಿ, ಮಾರುಕಟ್ಟೆ ದರ, ಎಲ್ಲಾ ಅದರಲ್ಲೇ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದ ಮೇಲೆ ರೀಲರುಗಳು ಬಿಡ್ ಹಾಕೋದೂ ಮೊಬೈಲಿನಲ್ಲೇ.

ಆದರೆ ಫೋನ್ ಕೊಳ್ಳೋಕೆ ಹೋದಾಗ ನಾವು ಕೇಳೋದು ಎರಡೇ ಪ್ರಶ್ನೆ: ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ರೇಟ್ ಎಷ್ಟು? ಮೋಟರ್ ಪಂಪ್ ತರುವಾಗ ಹೀಗೆ ಮಾಡಲ್ಲ. ಎಷ್ಟು ಅಡಿಯಿಂದ ಎತ್ತುತ್ತೆ, ವೈಂಡಿಂಗ್ ಹೇಗಿದೆ, ರಿಪೇರಿ ಎಲ್ಲಿ ಅಂತ ಹತ್ತು ಸಲ ವಿಚಾರಿಸ್ತೀವಿ. ಫೋನಿಗೂ ಅದೇ ಲೆಕ್ಕ ಬೇಕು. ಹಾರ್ಡ್‌ವೇರ್, ಗಟ್ಟಿತನ, ಸಿಸ್ಟಂ ಯಾರ ಹಿಡಿತದಲ್ಲಿದೆ – ಈ ಮೂರನ್ನೂ ಒಟ್ಟಿಗೆ ತೂಗಿದರೆ ಅಂಗಡಿಯಲ್ಲಿ ಕಡಿಮೆ ಬೆಲೆ ಅನ್ನಿಸಿದ ಫೋನು ವರ್ಷದ ಲೆಕ್ಕದಲ್ಲಿ ದುಬಾರಿ ಆಗಿರಬಹುದು.

ಹಾರ್ಡ್‌ವೇರ್: ಹೊಲದಲ್ಲಿ ಯಾವುದು ಕೆಲಸಕ್ಕೆ ಬರುತ್ತೆ?

ಜಿಪಿಎಸ್: ರೈತರೇ ತಮ್ಮ ಬೆಳೆ ವಿವರ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ನಮ್ಮ ರಾಜ್ಯದಲ್ಲಿ 2020ರ ಮುಂಗಾರಿನಲ್ಲಿ ಬಂತು. ಹೊಲದೊಳಗೆ ನಿಂತು ಫೋಟೊ ತೆಗೆಯಬೇಕು, ನೀವು ಆ ಸರ್ವೆ ನಂಬರಿನಲ್ಲೇ ಇದ್ದೀರಿ ಅಂತ ಆ್ಯಪ್‌ಗೆ ಗೊತ್ತಾಗಬೇಕು. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆ ಖರೀದಿಗೆ ಇದೇ ದಾಖಲೆ ಆಧಾರ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಕೂಡ ನಂಬಿರೋದು ಜಿಪಿಎಸ್ಸನ್ನೇ.

ಸಾಮಾನ್ಯ ಫೋನಿನ ಜಿಪಿಎಸ್ ಬಯಲಿನಲ್ಲಿ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತೆ. ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, ಹತ್ತಿರ ಹತ್ತಿರ 10 ಮೀಟರ್ ಅಂಚು. ಅಂದರೆ 5 ಮೀಟರ್ ತಪ್ಪು ಅರ್ಧ ಗುಂಟೆಯ ಅಗಲ! ಮೂರ್ನಾಲ್ಕು ಎಕರೆ ಒಟ್ಟಿಗೆ ಇರೋರಿಗೆ ಇದು ದೊಡ್ಡದಲ್ಲ. ಪಾಲಾಗಿ ಹತ್ತು ಗುಂಟೆಯ ಪಟ್ಟಿ ಉಳಿದಿರೋರಿಗೆ ಬದುವಿನ ಹತ್ತಿರ ನಿಂತರೆ ಪಕ್ಕದವರ ನಂಬರ್ ತೋರಿಸಿಬಿಡುತ್ತೆ. ಮರದ ಕೆಳಗೆ, ಗೋಡೆ ಪಕ್ಕ ತಪ್ಪು ಇನ್ನೂ ಜಾಸ್ತಿ. ಅದಕ್ಕೇ ಹೊಲದ ನಡುವೆ, ಬಯಲಿನಲ್ಲಿ ನಿಂತು ಒಂದೆರಡು ನಿಮಿಷ ಬಿಟ್ಟು ಫೋಟೊ ತೆಗೆಯಿರಿ.

ಕೆಲವು ಫೋನುಗಳು ಎಲ್1, ಎಲ್5 ಅನ್ನೋ ಎರಡು ತರಂಗಗಳನ್ನು ಹಿಡಿಯುತ್ತವೆ. ಅವುಗಳಲ್ಲಿ ತಪ್ಪು ಕಡಿಮೆ. ನಮ್ಮ ದೇಶದ ನಾವಿಕ್ ಉಪಗ್ರಹಗಳು ಎಲ್5ನಲ್ಲಿ ಸಂಕೇತ ಕಳಿಸುತ್ತವೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಕೂಡ ಸೇರಿತು. ಕೊಳ್ಳುವ ಫೋನಿನ ವಿವರದಲ್ಲಿ ನಾವಿಕ್, ಎಲ್5 ಅಂತ ಇದೆಯಾ ನೋಡಿ. ಹತ್ತು ಮೆಗಾಪಿಕ್ಸೆಲ್ ಜಾಸ್ತಿ ಇರೋದಕ್ಕಿಂತ ಇದು ಉಪಯೋಗ.

ರ‍್ಯಾಮ್: "8 ಜಿಬಿ" ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ "4+4" ಅಂತ ಇರುತ್ತೆ. ಎರಡನೇ 4 ನಿಜವಾದ ರ‍್ಯಾಮ್ ಅಲ್ಲ, ಸ್ಟೋರೇಜಿನಿಂದ ಸಾಲ ತಂದದ್ದು. ಸಾಲದ ಎತ್ತಿನಿಂದ ಉತ್ತಂಗೆ, ಕೆಲಸ ನಡೆಯುತ್ತೆ, ವೇಗ ಇರಲ್ಲ. ನಿಜವಾದ 6 ಜಿಬಿ ಇದ್ದರೆ ನಾಲ್ಕೈದು ವರ್ಷ ನೆಮ್ಮದಿ.

ಬ್ಯಾಟರಿ: 5000 ಎಂಎಎಚ್ ಈಗ ಕಡಿಮೆ ಬೆಲೆಯ ಫೋನಿನಲ್ಲೂ ಸಾಮಾನ್ಯ. ಸಾಮರ್ಥ್ಯದಷ್ಟೇ ಮುಖ್ಯ ಬಿಸಿ. ಟ್ರ್ಯಾಕ್ಟರ್ ಮೇಲೆ, ಬೈಕಿನ ಟ್ಯಾಂಕ್ ಕವರಿನಲ್ಲಿ ಬಿಸಿಲಿಗೆ ಇಟ್ಟರೆ ಲಿಥಿಯಂ ಬ್ಯಾಟರಿ ಬೇಗ ಬಡವಾಗುತ್ತೆ. ವೋಲ್ಟೇಜ್ ಏರಿಳಿತ ಇರುವ ಕಡೆ ಮಾಮೂಲಿ ಚಾರ್ಜರ್ ಬಳಸಬೇಡಿ, ಕಂಪನಿಯದ್ದೇ ಇರಲಿ.

ಕ್ಯಾಮೆರಾ: ಎಲೆ ರೋಗದ ಫೋಟೊ ಚಿಂತಾಮಣಿ ಹತ್ತಿರದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸಬೇಕಾದರೆ ಬೇಕಿರೋದು ಆಟೊಫೋಕಸ್ ಸರಿಯಾಗಿರುವ ಒಂದೇ ಮುಖ್ಯ ಕ್ಯಾಮೆರಾ. ಪಕ್ಕದಲ್ಲಿರುವ 2 ಮೆಗಾಪಿಕ್ಸೆಲ್ "ಮ್ಯಾಕ್ರೊ" ಬರೀ ಲೆಕ್ಕಕ್ಕೆ. ಮುಂದಿನ ಕ್ಯಾಮೆರಾವನ್ನೂ ಕಡೆಗಣಿಸಬೇಡಿ. ಮಣ್ಣಿನ ಕೆಲಸದಲ್ಲಿ ಬೆರಳಿನ ಗೆರೆ ಸವೆದು ಬೆರಳಚ್ಚು ಕೂರದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಪಿಎಂ ಕಿಸಾನ್ ಆ್ಯಪಿನಲ್ಲಿ 2023ರ ಜೂನ್‌ನಿಂದ ಮುಖ ತೋರಿಸಿಯೇ ಇ-ಕೆವೈಸಿ ಮಾಡಬಹುದು. ಮುಂದಿನ ಕ್ಯಾಮೆರಾ ಮಸುಕಾಗಿದ್ದರೆ ಅದೇ ಕೆಲಸ ನಿಲ್ಲುತ್ತೆ.

ಪರದೆ: ಅಂಗಡಿಯ ಲೈಟಿನಲ್ಲಿ ಎಲ್ಲಾ ಪರದೆನೂ ಚಂದ. ಫೋನನ್ನು ಹೊರಗೆ ಬಿಸಿಲಿಗೆ ತಂದು ಓದಿ ನೋಡಿ. ಕಾಣದಿದ್ದರೆ ಹೊಲದಲ್ಲೂ ಕಾಣಲ್ಲ.

ಗಟ್ಟಿತನ: ಐಪಿ ನಂಬರ್ ಓದೋದು ಹೇಗೆ?

ಐಪಿ ನಂತರ ಬರುವ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ.

- ಐಪಿ52: ದೂಳು ಸ್ವಲ್ಪ ತಡೆಯುತ್ತೆ, ಮೇಲಿಂದ ತೊಟ್ಟಿಕ್ಕುವ ಹನಿಗೆ ಮಾತ್ರ ಸರಿ.
- ಐಪಿ54: ಎಲ್ಲಾ ದಿಕ್ಕಿನ ಎರಚಲು ತಡೆಯುತ್ತೆ. ಹೊಲದ ಬಳಕೆಗೆ ಇದು ಕನಿಷ್ಠ.
- ಐಪಿ67: ದೂಳು ಪೂರ್ತಿ ಬಂದ್. 1 ಮೀಟರ್ ನೀರಿನಲ್ಲಿ 30 ನಿಮಿಷದ ಪರೀಕ್ಷೆ.
- ಐಪಿ68: ಅದಕ್ಕಿಂತ ಕಠಿಣ. ಆಳ, ಸಮಯ ಕಂಪನಿ ಹೇಳಿದಂತೆ.

ಇಲ್ಲಿ ಒಂದು ಎಚ್ಚರಿಕೆ. ಈ ಪರೀಕ್ಷೆ ನಡೆಯೋದು ಶುದ್ಧ ನೀರಿನಲ್ಲಿ. ಔಷಧಿ ಬೆರೆಸಿದ ನೀರು, ರಸಗೊಬ್ಬರದ ನೀರು, ಹುಳು ಮನೆಯ ಸುಣ್ಣ, ಬ್ಲೀಚಿಂಗ್ ಪುಡಿ – ಇವಕ್ಕೆ ಐಪಿ ನಂಬರ್ ಉತ್ತರ ಕೊಡಲ್ಲ. ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿನೂ ಸಿಗಲ್ಲ. ಔಷಧಿ ಹೊಡೆಯುವಾಗ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬದುವಿನ ಮೇಲೆ ಇಡಿ, ಜೇಬಿನಲ್ಲಿ ಬೇಡ.

ಗಾಜಿನ ಬೆನ್ನು ನೋಡಲು ಚಂದ, ಬಿದ್ದರೆ ಎರಡು ಕಡೆ ಒಡೆಯುತ್ತೆ. ರೈತನಿಗೆ ಪ್ಲಾಸ್ಟಿಕ್ ಬೆನ್ನೇ ವಾಸಿ. ಕೊಳ್ಳುವ ಮೊದಲು ಗೌರಿಬಿದನೂರಿನಲ್ಲೋ ಚಿಕ್ಕಬಳ್ಳಾಪುರದಲ್ಲೋ ಆ ಮಾದರಿಯ ಡಿಸ್‌ಪ್ಲೇ, ಬ್ಯಾಟರಿ ಸಿಗುತ್ತಾ, ಹಾಕಿಸೋಕೆ ಎಷ್ಟಾಗುತ್ತೆ ಅಂತ ಕೇಳಿ. ಡಿಸ್‌ಪ್ಲೇಗೆ ಫೋನಿನ ಅರ್ಧ ಬೆಲೆ ಹೇಳಿದರೆ ಆ ಮಾದರಿ ಬೇಡ. ಬಿಡಿಭಾಗ, ರಿಪೇರಿ ಮಾಹಿತಿಗಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿದೆ, ಕಂಪನಿಗಳ ಸರ್ವಿಸ್ ವಿವರ ಅಲ್ಲಿ ನೋಡಬಹುದು.

ಮೂರು ಫೋನು ಪಕ್ಕಪಕ್ಕ

ಉದಾಹರಣೆಗೆ 2024ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ಮೂರು ಮಾದರಿ ತಗೊಳ್ಳೋಣ. ಮಾದರಿ ಹಳತಾಗುತ್ತೆ, ಹೋಲಿಸುವ ರೀತಿ ಹಳತಾಗಲ್ಲ. ಬೆಲೆ ಬಿಡುಗಡೆ ಸಮಯದ್ದು.

ಮೊಟೊ ಜಿ45 5ಜಿ: ಶುರುವಿನ ಬೆಲೆ 10,999 ರೂ. 4 ಅಥವಾ 8 ಜಿಬಿ ರ‍್ಯಾಮ್, 5000 ಎಂಎಎಚ್ ಬ್ಯಾಟರಿ, ಎಲ್‌ಸಿಡಿ ಪರದೆ, ಐಪಿ52. ಡಬ್ಬದಲ್ಲೇ ಚಾರ್ಜರ್. ಒಂದು ಆಂಡ್ರಾಯ್ಡ್ ಬದಲಾವಣೆ, 3 ವರ್ಷ ಸೆಕ್ಯುರಿಟಿ ಅಪ್‌ಡೇಟ್.

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ: 18,999 ರೂ. 8 ಜಿಬಿ ರ‍್ಯಾಮ್, 5000 ಎಂಎಎಚ್, ಅಮೊಲೆಡ್ ಪರದೆ, ಐಪಿ54. ಆರು ಆಂಡ್ರಾಯ್ಡ್ ಬದಲಾವಣೆ, 6 ವರ್ಷ ಸೆಕ್ಯುರಿಟಿ ಅಪ್‌ಡೇಟ್.

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಕ್ಸ್‌ಕವರ್ 7: 27,208 ರೂ. 6 ಜಿಬಿ ರ‍್ಯಾಮ್, ಐಪಿ68, ಸೇನಾ ಗುಣಮಟ್ಟದ ಬೀಳು-ಏಳು ಪರೀಕ್ಷೆ. 4050 ಎಂಎಎಚ್ ಬ್ಯಾಟರಿ, ಆದರೆ ಹಳೇ ಕಾಲದ ಫೋನಿನ ಹಾಗೆ ಬೆನ್ನು ತೆಗೆದು ಬ್ಯಾಟರಿ ನೀವೇ ಬದಲಿಸಬಹುದು.

ಗಟ್ಟಿತನದಲ್ಲಿ ಎಕ್ಸ್‌ಕವರ್ ಗೆಲ್ಲುತ್ತೆ, ಜೇಬಿಗೆ ಭಾರ. ಉಳಿದ ಎರಡರ ಲೆಕ್ಕ ಹಾಕಿ ನೋಡಿ. ಬೆಲೆಯನ್ನು ಸೆಕ್ಯುರಿಟಿ ಅಪ್‌ಡೇಟ್ ವರ್ಷಗಳಿಂದ ಭಾಗಿಸಿ. ಮೊಟೊಗೆ ವರ್ಷಕ್ಕೆ ಸುಮಾರು 3,666 ರೂ., ಎ16ಗೆ ಸುಮಾರು 3,166 ರೂ. ಎಂಟು ಸಾವಿರ ಜಾಸ್ತಿ ಕೊಟ್ಟದ್ದೇ ವರ್ಷಕ್ಕೆ ಐನೂರು ಕಡಿಮೆ ಬಿತ್ತು! ಕಳಪೆ ಹನಿ ನೀರಾವರಿ ಪೈಪ್ ಎರಡು ವರ್ಷಕ್ಕೊಮ್ಮೆ ಬದಲಿಸೋದೋ, ಒಳ್ಳೇ ಪೈಪ್ ಒಂದೇ ಸಲ ಹಾಕೋದೋ ಅನ್ನೋ ಲೆಕ್ಕವೇ ಇದು.

ಇನ್ನೊಂದು ಮಾತು. ಈ ವರ್ಷಗಳ ಎಣಿಕೆ ಶುರುವಾಗೋದು ಮಾದರಿ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಹಬ್ಬದ ಆಫರಿನಲ್ಲಿ ಎರಡು ವರ್ಷ ಹಳೆಯ ಮಾದರಿ ಅಗ್ಗವಾಗಿ ಸಿಕ್ಕರೆ ಅದರ ಆಯಸ್ಸಿನಲ್ಲೂ ಎರಡು ವರ್ಷ ಆಗಲೇ ಕಳೆದಿರುತ್ತೆ.

ಸಿಸ್ಟಂ: ಫೋನಿನ ಬೀಗದ ಕೈ ಯಾರ ಹತ್ರ?

ಅಪ್‌ಡೇಟ್ ಇಲ್ಲದಿದ್ದರೆ ಏನಾಯ್ತು, ಫೋನು ನಡೀತಾ ಇದೆಯಲ್ಲ ಅಂತ ಕೇಳಬಹುದು. ಜಿಯೋಫೋನ್ ನೆನಪು ಮಾಡಿಕೊಳ್ಳಿ. 2017ರಲ್ಲಿ 1,500 ರೂ. ಠೇವಣಿಗೆ ಸಿಕ್ಕ ಫೋನು, ಕಾಯ್ ಓಎಸ್ ಅನ್ನೋ ಸಿಸ್ಟಂ. ಊರೂರಲ್ಲಿ ವಾಟ್ಸಾಪ್ ನೋಡಿದ್ದೇ ಅದರಲ್ಲಿ. 2024ರ ಮಧ್ಯದಲ್ಲಿ ಕಾಯ್ ಓಎಸ್ ಫೋನುಗಳಿಗೆ ಹೊಸದಾಗಿ ವಾಟ್ಸಾಪ್ ಇಳಿಸಿಕೊಳ್ಳೋದು ನಿಂತಿತು. ಫೋನಿನ ಗುಂಡಿ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಕೆಲಸ ಹೋಯ್ತು. ಆಂಡ್ರಾಯ್ಡ್‌ಗೂ ಇದೇ ಗತಿ, ನಿಧಾನಕ್ಕೆ ಆಗುತ್ತೆ ಅಷ್ಟೇ. ಬೆಳೆ ಸಮೀಕ್ಷೆ ಆ್ಯಪ್ ಹಂಗಾಮಿಗೊಂದು ಆವೃತ್ತಿ ಬರುತ್ತೆ, ಬ್ಯಾಂಕ್ ಆ್ಯಪ್ ಪದೇ ಪದೇ ಬದಲಾಗುತ್ತೆ. ಹಳೆ ಆಂಡ್ರಾಯ್ಡ್‌ಗೆ ಒಂದು ದಿನ ಅವು ಇಳಿಯೋದೇ ಇಲ್ಲ.

ಹಾಗಾದ್ರೆ ಕಂಪನಿಯ ಹಂಗಿಲ್ಲದ ಸಿಸ್ಟಂ ಹಾಕಿಕೊಂಡರೆ? ದಾರಿ ಇದೆ. ಲಿನೇಜ್ ಓಎಸ್ ಅನ್ನೋದು ಪ್ರಪಂಚದ ಆಸಕ್ತರು ಸೇರಿ ನಡೆಸುವ ಮುಕ್ತ ಸಿಸ್ಟಂ, ಕಂಪನಿ ಕೈಬಿಟ್ಟ ಎಷ್ಟೋ ಹಳೆ ಫೋನಿಗೆ ಹೊಸ ಆಂಡ್ರಾಯ್ಡ್ ಕೊಡುತ್ತೆ. ಮದ್ರಾಸ್ ಐಐಟಿಯ ಆಶ್ರಯದಲ್ಲಿ ತಯಾರಾದ ಭರೋಸ್ 2023ರ ಜನವರಿಯಲ್ಲಿ ಸುದ್ದಿಯಾಗಿತ್ತು. ನೆದರ್ಲೆಂಡ್ಸ್‌ನ ಫೇರ್‌ಫೋನ್ ಸ್ಕ್ರೂಡ್ರೈವರ್ ಹಿಡಿದು ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡುವ ಫೋನು. ಇವೆಲ್ಲ ಒಳ್ಳೇ ಕೆಲಸ. ಆದರೆ ನಮ್ಮ ಪೇಟೆಯ ಅಂಗಡಿಯಲ್ಲಿ ಇವು ಸಿಗಲ್ಲ. ಲಿನೇಜ್ ಹಾಕಬೇಕಾದರೆ ಫೋನಿನ ಬೂಟ್‌ಲೋಡರ್ ಬೀಗ ತೆಗೆಯಬೇಕು. ಮೊಟೊರೊಲಾ, ಶಿಯೋಮಿ ಹಲವು ಮಾದರಿಗೆ ನಿಯಮ ಹಾಕಿ ಅವಕಾಶ ಕೊಡುತ್ತವೆ. ಬೀಗ ತೆಗೆದ ಫೋನಿನಲ್ಲಿ ಬ್ಯಾಂಕ್, ಪಾವತಿ ಆ್ಯಪುಗಳು "ಈ ಫೋನು ಸುರಕ್ಷಿತ ಅಲ್ಲ" ಅಂತ ತೆರೆಯದೇ ಹೋಗಬಹುದು, ವಾರಂಟಿಗೂ ತೊಂದರೆ. ಆದ್ದರಿಂದ ಮನೆಯ ಹಣದ ವ್ಯವಹಾರ ಇರುವ ಒಂದೇ ಫೋನಿಗೆ ಇದು ಬೇಡ. ಕಾಲೇಜು ಓದುವ ಮಕ್ಕಳಿದ್ದರೆ ಮೂಲೆಯಲ್ಲಿ ಬಿದ್ದ ಹಳೆ ಫೋನಿಗೆ ಹಾಕಿ ಕಲಿಯಲಿ.

ಗೂಗಲ್‌ನ ಹಿಡಿತ ಎಷ್ಟು ಅನ್ನೋದೂ ಬರೀ ಮಾತಿನ ವಿಷಯ ಅಲ್ಲ. ತನ್ನ ಆ್ಯಪುಗಳನ್ನು ಫೋನ್ ತಯಾರಕರು ಕಟ್ಟುಕಟ್ಟಾಗಿ ತುಂಬಲೇಬೇಕು ಅನ್ನೋ ಷರತ್ತು ಮುಂತಾದವಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂ. ದಂಡ ಹಾಕಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನ ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಐಫೋನಿನಲ್ಲಿ ಬಿಗಿ ಇನ್ನೂ ಜಾಸ್ತಿ. ಯುರೋಪಿನಲ್ಲಿ ಕಾನೂನಿನ ಒತ್ತಾಯಕ್ಕೆ 2024ರಿಂದ ಬೇರೆ ಆ್ಯಪ್ ಅಂಗಡಿಗಳಿಗೆ ಜಾಗ ಸಿಕ್ಕಿತು, ನಮ್ಮಲ್ಲಿ ಆ್ಯಪಲ್‌ನ ಅಂಗಡಿಯೇ ಗತಿ. ಮಗ ಬೆಂಗಳೂರಿನಿಂದ ಹಳೇ ಐಫೋನ್ ಕೊಟ್ಟರೆ ಬೇಡ ಅನ್ನಬೇಕಿಲ್ಲ. ನಿಮಗೆ ಬೇಕಾದ ಸರ್ಕಾರಿ ಆ್ಯಪ್ ಅದರಲ್ಲಿ ಸಿಗುತ್ತಾ ಅಂತ ಮೊದಲು ನೋಡಿಕೊಳ್ಳಿ.

ಆಂಡ್ರಾಯ್ಡ್‌ನಲ್ಲಿ ಇರುವ ಸ್ವಾತಂತ್ರ್ಯದ ಇನ್ನೊಂದು ಮುಖವೂ ಇದೆ. ಪ್ಲೇ ಸ್ಟೋರ್ ಬಿಟ್ಟು ಹೊರಗಿನ ಎಪಿಕೆ ಫೈಲನ್ನೂ ಹಾಕಿಕೊಳ್ಳಬಹುದು. ಕಳ್ಳರು ಕಾಯ್ತಾ ಇರೋದು ಇದೇ ಬಾಗಿಲಲ್ಲಿ. "ಪಿಎಂ ಕಿಸಾನ್ ಕಂತು ಬಂದಿದೆ, ಇದನ್ನು ಇನ್‌ಸ್ಟಾಲ್ ಮಾಡಿ" ಅಂತ ವಾಟ್ಸಾಪ್ ಗುಂಪಿಗೆ ಬರುವ ಎಪಿಕೆ ಒತ್ತಿದರೆ ನಿಮ್ಮ ಎಸ್ಸೆಮ್ಮೆಸ್, ಓಟಿಪಿ ಎಲ್ಲಾ ಅವರ ಕೈಗೆ. ತೆರೆದ ಗೇಟು ನಮ್ಮ ಹಕ್ಕು, ಕಾವಲು ನಮ್ಮ ಕೆಲಸ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಂತಿನ ಫೋನಿನ ಬೀಗ

ಸಿಸ್ಟಂ ಸ್ವಾತಂತ್ರ್ಯದ ವಿಷಯದಲ್ಲಿ ರೈತನಿಗೆ ನೇರವಾಗಿ ತಟ್ಟೋದು ಇದು. ಇಎಂಐನಲ್ಲಿ ಮಾರುವ ಹಲವು ಫೋನುಗಳಲ್ಲಿ ಸಾಲ ಕೊಟ್ಟವರ ಲಾಕ್ ಆ್ಯಪ್ ಸೇರಿರುತ್ತೆ. ಕಂತು ತಪ್ಪಿದರೆ ದೂರದಿಂದಲೇ ಫೋನು ಬಂದ್. ತಿಂಗಳ ಸಂಬಳದವರಿಗೆ ತಿಂಗಳ ಕಂತು ಸರಿ. ನಮ್ಮ ಆದಾಯ ಬರೋದು ಗೂಡು ಮಾರಿದಾಗ, ಜೋಳ ತೂಕ ಹಾಕಿದಾಗ, ಚಿಂತಾಮಣಿ ಮಂಡಿಯಲ್ಲಿ ಟೊಮೆಟೊಗೆ ದರ ಸಿಕ್ಕಾಗ. ದರ ಬಿದ್ದ ತಿಂಗಳೇ ಕಂತು ತಪ್ಪೋದು, ಬೆಳೆ ಸಮೀಕ್ಷೆಯ ಕೊನೇ ದಿನವೂ ಅದೇ ತಿಂಗಳು ಬಂದರೆ? ಓಟಿಪಿ ಬರುವ ಫೋನೇ ಬಂದ್ ಆದರೆ ಬ್ಯಾಂಕಿನ ಹಣ ತೆಗೆಯೋದೂ ಕಷ್ಟ.

ಹಾಗಾಗಿ ಕಂತಿನಲ್ಲಿ ಕೊಳ್ಳೋದಾದರೆ ಅಂಗಡಿಯವರನ್ನು ನೇರವಾಗಿ ಕೇಳಿ: ಇದರಲ್ಲಿ ಲಾಕ್ ಆ್ಯಪ್ ಇದೆಯಾ? ಎಷ್ಟು ದಿನ ತಡವಾದರೆ ಲಾಕ್? ಸಾಲ ತೀರಿದ ಮೇಲೆ ಯಾರು ತೆಗೆಯುತ್ತಾರೆ? ಉತ್ತರ ಬರವಣಿಗೆಯಲ್ಲಿ ಸಿಗದಿದ್ದರೆ ಬೆಳೆ ಮಾರಿದ ಮೇಲೆ ನಗದಿಗೇ ಕೊಳ್ಳಿ.

ಯಾರಿಗೆ ಯಾವುದು?

ಬರೀ ಕರೆ ಮತ್ತು ಬೋರ್ ಮೋಟರ್: ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್‌ಗೆ ಕೀಪ್ಯಾಡ್ ಫೋನು ಸಾಕು. ಸ್ಮಾರ್ಟ್‌ಫೋನ್ ಬಂದರೂ ಅದನ್ನು ಬಿಸಾಡಬೇಡಿ. ರಾತ್ರಿ ಕರೆಂಟ್ ಬಂದಾಗ ಚಾರ್ಜ್ ಉಳಿದಿರೋದು ಅದರಲ್ಲೇ.

ಮನೆಗೆ ಒಂದೇ ಸ್ಮಾರ್ಟ್‌ಫೋನ್: ಐಪಿ54, ನಿಜವಾದ 6 ಜಿಬಿ ರ‍್ಯಾಮ್, ಇನ್ನೂ ಕನಿಷ್ಠ 4 ವರ್ಷ ಅಪ್‌ಡೇಟ್ ಬಾಕಿ ಇರುವ ಮಾದರಿ. ಬ್ರ್ಯಾಂಡ್ ಯಾವುದಾದರೂ ಸರಿ.

ಹಣ ಕಡಿಮೆ: ಕಡಿಮೆ ಬೆಲೆಯದ್ದೇ ತಗೊಳ್ಳಿ, ಆದರೆ ಇತ್ತೀಚೆಗೆ ಬಿಡುಗಡೆಯಾದ ಮಾದರಿ ಇರಲಿ, ಹಳೇ ಸ್ಟಾಕ್ ಬೇಡ. ಬೇಡದ ಆ್ಯಪ್, ಲಾಕ್ ಸ್ಕ್ರೀನ್ ಜಾಹೀರಾತು ಮೊದಲ ದಿನವೇ ಬಂದ್ ಮಾಡಿ.

ಟ್ರ್ಯಾಕ್ಟರ್, ಹಾಲಿನ ಡೇರಿ, ದಿನವಿಡೀ ನೀರು ದೂಳಿನ ಕೆಲಸ: ಎಕ್ಸ್‌ಕವರ್ ತರಹದ ಐಪಿ68 ಫೋನಿಗೆ ಹಣ ಹಾಕಿದರೆ ನಷ್ಟ ಇಲ್ಲ.

ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ

1. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆಗೆದು ಸೆಕ್ಯುರಿಟಿ ಅಪ್‌ಡೇಟ್ ತಾರೀಕು ನೋಡಿ. ವರ್ಷ ಹಳೆಯದಾಗಿದ್ದರೆ ಯೋಚಿಸಿ.
2. ಮೆನು ಪೂರ್ತಿ ಕನ್ನಡಕ್ಕೆ ಬದಲಿಸಿ. ಮನೆಯಲ್ಲಿ ಉರ್ದು, ತೆಲುಗು ಬಳಸುವವರಿದ್ದರೆ ಆ ಕೀಬೋರ್ಡ್‌ಗಳನ್ನೂ ಸೇರಿಸಿ ನೋಡಿ.
3. ಹೊರಗೆ ಬಂದು ಬಿಸಿಲಿನಲ್ಲಿ ಪರದೆ ಓದಿ, ದಿಶಾಂಕ್ ತೆರೆದು ನಿಂತ ಜಾಗ ಸರಿ ತೋರಿಸುತ್ತಾ ನೋಡಿ.
4. ಹಳೇ ಫೋನು ಕೊಳ್ಳೋದಾದರೆ *#06# ಒತ್ತಿ, ಬರುವ 15 ಅಂಕಿಯ ಐಎಂಇಐ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಕೆ, ವೈ, ಎಂ ಅಂತ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಬ್ಲಾಕ್ ಆದ ಫೋನಾದರೆ ತಿಳಿಯುತ್ತೆ.
5. ಜಿಎಸ್‌ಟಿ ಬಿಲ್ ಬಿಡಬೇಡಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗ ಅದೇ ಆಧಾರ.

ಒಂದು ಚೀಟಿಯಲ್ಲಿ ಮೂರೇ ಸಾಲು ಬರೆದುಕೊಂಡು ಅಂಗಡಿಗೆ ಹೋಗಿ: ಐಪಿ ಎಷ್ಟು, ಅಪ್‌ಡೇಟ್ ಯಾವ ವರ್ಷದವರೆಗೆ, ಲಾಕ್ ಆ್ಯಪ್ ಇದೆಯಾ. ಮೆಗಾಪಿಕ್ಸೆಲ್ ವಿಷಯ ಅಂಗಡಿಯವರೇ ಹೇಳ್ತಾರೆ, ನೀವು ಕೇಳಬೇಕಿಲ್ಲ.